ಅಂಬಾಸಿಡರ್‌ನ ಕೆಂಪು ದೀಪ

ರಾತ್ರಿ ಹಾನಗಲ್ಲಿಂದ ಶಿಗ್ಗಾಂವಿಗೆ ಹೊಂಟೀರಿ ಅಂತ ತಿಳ್ಕೊಳ್ರಿ. ಹಳೇ ಅಂಬಾಸಿಡರ್. ಹೆಡ್‌ಲೈಟ್ ಮಬ್ಬು, ಹಾರ್ನ್ ಒತ್ತಿದ್ರ ಕೆಮ್ಮಿದಂಗ ಸಪ್ಪಳ, ಮೀಟರ್ ಬದಿಗೆ ಕೆಂಪು ದೀಪ. "ಬ್ಯಾಟರಿ ಹೋತು, ಹೊಸಾದು ಹಾಕ್ಸ್ರಿ" ಅಂತಾರ ಎಲ್ಲಾರೂ.

ತಡೀರಿ. ಮೊದಲ ಬೆಲ್ಟ್ ನೋಡ್ರಿ. ಹೆಬ್ಬೆರಳಿಂದ ಒತ್ತಿದ್ರ ಅರ್ಧ ಇಂಚು ತಗ್ಗಬೇಕು, ಅಷ್ಟ. ಆಮ್ಯಾಲ ಬ್ಯಾಟರಿಗೆ ಮಲ್ಟಿಮೀಟರ್ ಹಚ್ರಿ. ಗಾಡಿ ಬಂದ್ ಇದ್ದಾಗ ಸುಮಾರು 12.6 ವೋಲ್ಟ್, ಚಾಲೂ ಮಾಡಿ ರೇಸ್ ಕೊಟ್ರ 14ರ ಆಸುಪಾಸು. ಏರಲಿಲ್ಲಂದ್ರ ಚಾರ್ಜ್ ಆಗವಲ್ದು. 15 ದಾಟಿದ್ರ ರೆಗ್ಯುಲೇಟರ್ ಕೆಟ್ಟೈತಿ.

ಹೆಚ್ಚಿನವ್ರು ನೋಡದ ಜಾಗ ಅರ್ಥ್ ವೈರ್. ಗಾಡಿ ಚಾಲೂ, ಲೈಟ್ ಹಚ್ಚಿರಲಿ. ಮೀಟರಿನ ಒಂದು ಮುಳ್ಳು ಬ್ಯಾಟರಿ ಮೈನಸ್ಸಿಗೆ, ಇನ್ನೊಂದು ಎಂಜಿನ್ ಮೈಗೆ. ಅರ್ಧ ವೋಲ್ಟ್ ತೋರಿಸ್ತಂದ್ರ ಕಳ್ಳ ಸಿಕ್ಕ. ನಟ್ ಬಿಚ್ಚಿ, ಹಸಿರು ಕಿಲುಬು ತಿಕ್ಕಿ, ಬಿಗೀರಿ. ಖರ್ಚು? ಒಂದು ತುಂಡು ಉಪ್ಪುಕಾಗದ.

ಆಲ್ಟರ್‌ನೇಟರ್ ಇದ್ರ, ಚಾಲೂ ಗಾಡಿಯ ಟರ್ಮಿನಲ್ ಬಿಚ್ಚಿ ನೋಡೋ ಹಳೇ ಚಟ ಬ್ಯಾಡ್ರಿ. ಒಳಗಿನ ಡಯೋಡ್ ಸುಟ್ಟೀತು. ಈ ಗಾಡಿ ತಯಾರಿಕೆ ನಿಂತದ್ದು 2014ರಾಗ, ಇದ್ದದ್ದನ್ನ ಕಾಯ್ಕೊಬೇಕು.

ಇನ್ನೂ ಹಳೇ ಡೈನಮೋ ಗಾಡಿಯೇನ್ರಿ? ಐಡ್ಲಿಂಗ್‌ನಾಗ ಕೆಂಪು ದೀಪ ಮಿಣುಕೋದು ರೋಗ ಅಲ್ಲ, ಅದರ ಸ್ವಭಾವ. ರೇಸ್ ಕೊಟ್ರ ಆರತೈತಿ.