ಸಮತಲವೋ ಪಿರಮಿಡ್ಡೋ? ಅವಕೆಂಪು ರೋಹಿತದ ಸಾಕ್ಷ್ಯ

ಕಾರ್ಬೋನೇಟ್ ಅಯಾನಿನ ಆಕಾರ ಸಮತಲ ತ್ರಿಕೋನ ಎಂದು ಕಪ್ಪುಹಲಗೆಯಲ್ಲಿ ಬರೆಯುತ್ತೇವೆ. "ಅದು ಗೊತ್ತಾದದ್ದು ಹೇಗೆ?" ಎಂದು ವಿದ್ಯಾರ್ಥಿ ಕೇಳಿದರೆ? ಅವಕೆಂಪು ರೋಹಿತದಲ್ಲಿ ಒಂದು ಉತ್ತರವಿದೆ.

ಕಂಪಿಸುವಾಗ ಡೈಪೋಲ್ ಮೊಮೆಂಟ್ ಬದಲಾದರೆ ಮಾತ್ರ ಆ ಕಂಪನ ಅವಕೆಂಪು ಕಿರಣವನ್ನು ಹೀರುತ್ತದೆ. ಕಾರ್ಬೋನೇಟಿಗೆ ನಾಲ್ಕು ಬಗೆಯ ಕಂಪನಗಳಿವೆ. ಆದರೆ ಕ್ಯಾಲ್ಸೈಟ್ ಖನಿಜದ ರೋಹಿತದಲ್ಲಿ ಅವುಗಳ ಮೂರು ಪಟ್ಟಿಗಳಷ್ಟೇ ಕಾಣುತ್ತವೆ: ಸುಮಾರು 1420, 876 ಮತ್ತು 712 ಸೆಂ.ಮೀ⁻¹. ಮೂರೂ ಆಕ್ಸಿಜನ್‌ಗಳು ಒಟ್ಟಿಗೆ ಹೊರಕ್ಕೂ ಒಳಕ್ಕೂ ಚಲಿಸುವ ಕಂಪನ ಕಾಣದು. ಸಮತಲದಲ್ಲಿ ಮೂರು ದಿಕ್ಕಿನ ಬದಲಾವಣೆಗಳು ಒಂದನ್ನೊಂದು ರದ್ದುಮಾಡುತ್ತವೆ. ಪಿರಮಿಡ್ ಆಕಾರದ ಸಲ್ಫೈಟಿನಲ್ಲಿ ಹಾಗಾಗದು. ಅಲ್ಲಿ ನಾಲ್ಕೂ ಕಂಪನಗಳು ಕಿರಣವನ್ನು ಹೀರುತ್ತವೆ.

ತರಗತಿಯಲ್ಲಿ ಇದನ್ನು ತೋರಿಸಲು ಒಂದು ಬಳೆ, ಮೂರು ದಾರ ಸಾಕು. ಮೇಜಿನ ಮೇಲೆ ಬಳೆಯಿಟ್ಟು ಮೂವರು ಸಮಾನ ಕೋನಗಳಲ್ಲಿ ಒಂದೇ ಬಲದಿಂದ ಎಳೆಯಲಿ, ಬಳೆ ಕದಲದು. ಬಳಿಕ ಅದನ್ನು ರಬ್ಬರ್ ಬ್ಯಾಂಡಿನಿಂದ ಮೇಲೆ ತೂಗುಹಾಕಿ, ಕೆಳಗಿನಿಂದ ಮೂವರೂ ಹಾಗೆಯೇ ಎಳೆಯಲಿ, ಬಳೆ ಕೆಳಗಿಳಿಯುತ್ತದೆ. ಬಳೆಯ ಚಲನೆಯನ್ನು ಡೈಪೋಲ್ ಮೊಮೆಂಟಿನ ಬದಲಾವಣೆಗೆ ಹೋಲಿಸಿ.

ಒಂದು ಎಚ್ಚರಿಕೆ. ಅರಗೊನೈಟ್ ಕೂಡ ಕ್ಯಾಲ್ಸಿಯಂ ಕಾರ್ಬೋನೇಟೇ. ಆದರೂ ಅದರಲ್ಲಿ 1083ರ ಸಮೀಪ ದುರ್ಬಲ ಪಟ್ಟಿಯೊಂದು ಕಾಣುತ್ತದೆ. ಅಯಾನು ಪಿರಮಿಡ್ ಆಗಿಲ್ಲ. ಹರಳಿನಲ್ಲಿ ಸುತ್ತಲಿನ ಅಯಾನುಗಳ ಜೋಡಣೆ ಅದರ ಸಮಮಿತಿಯನ್ನು ತುಸು ಕೆಡಿಸಿದೆ. ಆದ್ದರಿಂದ ಪಟ್ಟಿಗಳನ್ನು ಎಣಿಸಿದರಷ್ಟೇ ಸಾಲದು, ಅವುಗಳ ತೀವ್ರತೆಯನ್ನೂ ಗಮನಿಸಬೇಕು.

ಪಾಠಯೋಜನೆಯಲ್ಲಿ ರೋಹಿತ ಮೊದಲು ಬರಲಿ, ಆಕಾರದ ಹೆಸರು ಕೊನೆಗೆ. ಆಗ ವಿದ್ಯಾರ್ಥಿ ಅದನ್ನು ಕಂಠಪಾಠ ಮಾಡುವುದಿಲ್ಲ, ತಾನೇ ತೀರ್ಮಾನಿಸುತ್ತಾನೆ.