ಮೋಟಾರು ಗಾಡಿಯ ಬಣ್ಣವೂ ಅದರ ರಕ್ಷಣೆಯೂ

ಮನೆಯ ಹಿತ್ತಾಳೆ ಪಾತ್ರೆಗಳಿಗೆ ಕಲಾಯಿ ಹಾಕಿಸಿ ಬಲ್ಲ ಗೃಹಸ್ಥರಿಗೆ ನಾವು ಈ ಲೇಖನದಲ್ಲಿ ಹೇಳಬೇಕೆಂದಿರುವ ವಿಷಯವು ತೀರ ಹೊಸದೆಂದು ತೋರಲಾರದು. ಕಲಾಯಿಯವನು ಬಂದೊಡನೆಯೇ ತವರವನ್ನು ಪಾತ್ರೆಗೆ ಬಳಿಯುವುದಿಲ್ಲ. ಮೊದಲು ಪಾತ್ರೆಯ ಜಿಡ್ಡನ್ನೂ ಕಿಲುಬನ್ನೂ ತಿಕ್ಕಿ ತೆಗೆಯುತ್ತಾನೆ; ಬಳಿಕ ಬೆಂಕಿಯ ಮೇಲೆ ಕಾಯಿಸಿ, ನವಸಾಗರವನ್ನು ಹಾಕಿ, ತವರವನ್ನು ಅರಳೆಯಿಂದ ತೆಳ್ಳಗೆ ಸವರುತ್ತಾನೆ. ಕೊಳೆಯ ಮೇಲೆ ಹಾಕಿದ ಕಲಾಯಿ ನಿಲ್ಲದು. ಚೆನ್ನಾಗಿ ಹಾಕಿದ ಕಲಾಯಿಯೂ ಕೆಲವು ಕಾಲದ ಮೇಲೆ ಸವೆದುಹೋಗುವುದು. ಪಾತ್ರೆಯೇ ತೂತಾಗಿದ್ದರೆ ಕಲಾಯಿಯಿಂದ ಅದು ಮುಚ್ಚದು. ಈ ಮೂರು ಮಾತುಗಳನ್ನು ನೆನಪಿನಲ್ಲಿಟ್ಟರೆ, ಈಚೆಗೆ ಮೋಟಾರು ಗಾಡಿಗಳ ವಿಷಯದಲ್ಲಿ ಎಲ್ಲೆಲ್ಲಿಯೂ ಕೇಳಿಬರುತ್ತಿರುವ 'ಸೆರಾಮಿಕ್ ಕೋಟಿಂಗ್' ಎಂಬುದರ ಗುಣದೋಷಗಳನ್ನು ಅಳೆಯಲು ಬೇಕಾದ ಅಳತೆಗೋಲು ವಾಚಕರ ಕೈಗೆ ಬಂದಂತೆಯೇ ಸರಿ.

ಬೆಂಗಳೂರು ಮೈಸೂರುಗಳ ನಡುವಣ ಮಂಡ್ಯ, ಮದ್ದೂರು, ಮಳವಳ್ಳಿಗಳಲ್ಲಿ ಇಂದು ಸಾಧಾರಣ ಸಂಸಾರಸ್ಥರ ಮನೆಯ ಮುಂದೆಯೂ ಕಾರು ನಿಂತಿರುವುದನ್ನು ಕಾಣುತ್ತೇವೆ. ಎಷ್ಟೋ ಮನೆಗಳಲ್ಲಿ ಅದು ಬ್ಯಾಂಕಿನ ಸಾಲದಿಂದ ಬಂದದ್ದು. ಸಾಲ ತೀರುವ ಮೊದಲೇ ಅದರ ಹೊಳಪು ತೀರುವುದನ್ನು ನೋಡಿ ಮನೆಯವರು ಮರುಗುವುದೂ ಉಂಟು. ಆಗ ಅಂಗಡಿಯವನು, 'ಇದೊಂದು ಲೇಪವನ್ನು ಹಾಕಿಸಿಬಿಡಿ, ಆಮೇಲೆ ತೊಳೆಯುವ ಚಿಂತೆಯೇ ಇಲ್ಲ, ಗೀರೂ ಬೀಳುವುದಿಲ್ಲ' ಎಂದರೆ, ಅನೇಕ ಸಾವಿರ ರೂಪಾಯಿಗಳನ್ನು ಎಣಿಸಿ ಕೊಡುವುದಕ್ಕೆ ಮನಸ್ಸು ಒಪ್ಪಿಬಿಡುತ್ತದೆ. ಹಣವನ್ನು ಕೊಡುವ ಮೊದಲು ಗೃಹಸ್ಥನು ತಿಳಿದಿರಬೇಕಾದುದು ಏನೆಂಬುದೇ ನಮ್ಮ ಪ್ರಸ್ತುತ ವಿಷಯ.

ಮೊದಲು ಗಾಡಿಯ ಬಣ್ಣವೆಂದರೇನೆಂದು ನೋಡೋಣ. ಹೊರಗಿನಿಂದ ಒಂದೇ ಆಗಿ ಕಾಣುವ ಬಣ್ಣವು ನಿಜವಾಗಿ ನಾಲ್ಕು ಪದರಗಳ ಕೂಟ. ಉಕ್ಕಿನ ತಗಡನ್ನು ಕಾರ್ಖಾನೆಯಲ್ಲಿ ತೊಟ್ಟಿಯೊಳಗೆ ಮುಳುಗಿಸಿ, ವಿದ್ಯುಚ್ಛಕ್ತಿಯ ಸಹಾಯದಿಂದ ಅಂಟಿಸಿದ ತುಕ್ಕುನಿರೋಧಕ ಲೇಪವು ಮೊದಲನೆಯದು. ಅದರ ಮೇಲೆ ನುಣುಪನ್ನು ಕೊಡುವ ಅಸ್ತರಿ, ಅದರ ಮೇಲೆ ಬಣ್ಣ, ಎಲ್ಲಕ್ಕೂ ಮೇಲೆ ಬಣ್ಣವಿಲ್ಲದ ಪಾರದರ್ಶಕ ಲೇಪ. ಈ ನಾಲ್ಕೂ ಸೇರಿದರೆ ಸಾಮಾನ್ಯವಾಗಿ ೧೦೦ರಿಂದ ೧೫೦ ಮೈಕ್ರಾನ್ ದಪ್ಪ. ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಭಾಗ. ಮೇಲಿನ ಪಾರದರ್ಶಕ ಲೇಪವು ಸುಮಾರು ೪೦-೫೦ ಮೈಕ್ರಾನ್. ಎಂದರೆ ನಮ್ಮ ತಲೆಗೂದಲಿನ ಒಂದು ಎಳೆಗಿಂತಲೂ ತೆಳ್ಳಗೆ. ಗಾಡಿಯ ಹೊಳಪೆಂಬುದೆಲ್ಲ ಅಡಗಿರುವುದು ಅಷ್ಟರಲ್ಲಿಯೇ. ಬಿಸಿಲಿನ ಅತಿನೇರಳೆ ಕಿರಣಗಳನ್ನು ತಡೆದು ಒಳಗಿನ ಬಣ್ಣವನ್ನು ಕಾಪಾಡುವುದೂ ಅದೇ.

ಚನ್ನಪಟ್ಟಣದ ಬೊಂಬೆಗಳನ್ನು ಬಲ್ಲವರಿಗೆ ಇದು ಸುಲಭವಾಗಿ ತಿಳಿದೀತು. ಅಲ್ಲಿನ ಕುಶಲಕರ್ಮಿಯು ತಿರುಗುವ ಮರಕ್ಕೆ ಅರಗಿನ ಕಡ್ಡಿಯನ್ನು ಒತ್ತಿದಾಗ, ಉಜ್ಜಿದ ಶಾಖಕ್ಕೆ ಅರಗು ಕರಗಿ ಮರಕ್ಕೆ ಹತ್ತುತ್ತದೆ. ನಾವು ಮೆಚ್ಚುವ ಹೊಳಪು ಆ ತೆಳುವಾದ ಅರಗಿನದೇ ಹೊರತು ಮರದ್ದಲ್ಲ. ಅರಗಿನಿಂದ ಬಣ್ಣಗಳನ್ನು ಮಾಡುವ ಉದ್ದೇಶದಿಂದ ೧೯೩೭ರಲ್ಲಿ ಮೈಸೂರಿನಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ ಒಂದು ಕಾರ್ಖಾನೆಯೂ ಸ್ಥಾಪಿತವಾಯಿತು. ಇಂದು ಮತದಾರರ ಬೆರಳಿಗೆ ಹಚ್ಚುವ ಅಳಿಸಲಾಗದ ಶಾಯಿಯನ್ನು ತಯಾರಿಸುತ್ತಿರುವುದು ಅದೇ ಸಂಸ್ಥೆ. ಪಶ್ಚಿಮ ದೇಶಗಳಲ್ಲಾದರೂ ಮೊದಮೊದಲು ಗಾಡಿಗಳಿಗೆ ಎಣ್ಣೆಯ ವಾರ್ನಿಷನ್ನು ಪದರಪದರವಾಗಿ ಬಳಿದು ಒಣಗಿಸುವುದಕ್ಕೆ ವಾರಗಟ್ಟಲೆ ಹಿಡಿಯುತ್ತಿತ್ತು. ೧೯೨೩ರ ಸುಮಾರಿಗೆ ಅಮೆರಿಕದಲ್ಲಿ ಡ್ಯೂಕೋ ಎಂಬ ಬೇಗ ಒಣಗುವ ಬಣ್ಣವು ಬಂದು ಈ ಕಾಲಹರಣವನ್ನು ತಪ್ಪಿಸಿತು. ಬಣ್ಣದ ಮೇಲೆ ಪ್ರತ್ಯೇಕವಾಗಿ ಪಾರದರ್ಶಕ ಲೇಪವನ್ನು ಕೊಡುವ ಪದ್ಧತಿಯು ೧೯೮೦ರ ದಶಕದಿಂದೀಚೆಗೆ ಎಲ್ಲೆಡೆಯೂ ಹರಡಿತು.

ಇಷ್ಟು ತೆಳುವಾದ ಲೇಪಕ್ಕೆ ಶತ್ರುಗಳು ಮಾತ್ರ ಬಹಳ. ಅವುಗಳಲ್ಲಿ ಕೆಲವು ನಮ್ಮ ಸೀಮೆಗೇ ವಿಶೇಷವಾದುವು. ವಿಶ್ವೇಶ್ವರಯ್ಯ ನಾಲೆಯ ನೀರು ಹರಿದು, ೧೯೩೩ರಲ್ಲಿ ಮಂಡ್ಯದಲ್ಲಿ ಮೈಸೂರು ಸಕ್ಕರೆ ಕಂಪೆನಿಯು ಸ್ಥಾಪಿತವಾದಂದಿನಿಂದ ಕಬ್ಬು ಈ ಕಡೆಯ ಮುಖ್ಯ ಬೆಳೆಯಾಯಿತು. ಊರೂರ ಬಳಿಯಲ್ಲಿ ಆಲೆಮನೆಗಳೂ ಇವೆ. ಒಲೆಗೆ ಕಬ್ಬಿನ ಸಿಪ್ಪೆಯನ್ನು ಉರಿಸಿದಾಗ ಹಾರುವ ಮಸಿಯೂ ಬೂದಿಯೂ ಅಕ್ಕಪಕ್ಕದಲ್ಲಿ ನಿಂತ ಗಾಡಿಯ ಮೇಲೆ ಬಂದು ಕೂರುತ್ತವೆ. ರಸ್ತೆಯ ಮೇಲೆ ಹರಡಿದ ರಾಗಿ ಹುರುಳಿಗಳ ಒಕ್ಕಣೆಯ ಧೂಳು ಬೇರೆ. ಬೆಳಗಿನ ಹೊತ್ತು ಒಣಬಟ್ಟೆಯೊಂದನ್ನು ಹಿಡಿದು ಇವನ್ನೆಲ್ಲ ಒರೆಸಿಬಿಡುವುದು ನಮ್ಮಲ್ಲಿ ವಾಡಿಕೆ. ಆದರೆ ನೆಲದ ಧೂಳಿನಲ್ಲಿ ಬೆರೆತಿರುವ ಮರಳಿನ ಕಣಗಳು ಗಾಡಿಯ ಲೇಪಕ್ಕಿಂತ ಎಷ್ಟೋ ಪಾಲು ಕಠಿಣ. ಒಣಬಟ್ಟೆಯಿಂದ ಒರೆಸಿದಾಗ ಬಟ್ಟೆಯೇ ಉಪ್ಪುಕಾಗದವಾಗಿ, ಪ್ರತಿದಿನವೂ ನೂರಾರು ಸೂಕ್ಷ್ಮ ಗೀರುಗಳು ಬೀಳುತ್ತವೆ. ಕಪ್ಪು ಬಣ್ಣದ ಗಾಡಿಯನ್ನು ಬಿಸಿಲಿನಲ್ಲಿ ನೋಡಿದರೆ ಜೇಡರಬಲೆಯಂತೆ ಸುತ್ತುಸುತ್ತಾಗಿ ಕಾಣುವುವು ಈ ಗೀರುಗಳೇ. ಬೆಳಕು ಒಂದೇ ಕಡೆಗೆ ಹಿಂದಿರುಗದೆ ಇವುಗಳಲ್ಲಿ ಚದರಿಹೋಗುವುದರಿಂದಲೇ ಗಾಡಿಯು ಮಂಕಾಗಿ ತೋರುವುದು.

ಎರಡನೆಯ ಶತ್ರು ನೀರು. ಕೊಳವೆಬಾವಿಯ ನೀರು ಅನೇಕ ಕಡೆಗಳಲ್ಲಿ ಗಡಸು. ಸ್ನಾನದ ಹಂಡೆಯ ಒಳಗೆ ಕಟ್ಟುವ ಬಿಳಿಯ ಹೊರಪದರವೇ ಅದಕ್ಕೆ ಸಾಕ್ಷಿ. ಅದರಲ್ಲಿ ಕರಗಿರುವ ಸುಣ್ಣ ಮತ್ತು ಮೆಗ್ನೀಸಿಯಮ್ಮಿನ ಲವಣಗಳು, ಹನಿಯು ಬಿಸಿಲಿಗೆ ಆರಿದಾಗ ಗಾಡಿಯ ಮೇಲೆ ಬಿಳಿಯ ಉಂಗುರಗಳಾಗಿ ಉಳಿಯುತ್ತವೆ. ಬಹುದಿನ ಬಿಟ್ಟರೆ ಲೇಪವನ್ನು ಕಚ್ಚಿಕೊಳ್ಳುತ್ತವೆ. ಮೂರನೆಯದು ಹಕ್ಕಿಯ ಹಿಕ್ಕೆ. ಹುಣಸೆಯ ಮರದ ನೆರಳೆಂದು ಗಾಡಿಯನ್ನು ನಿಲ್ಲಿಸಿದರೆ, ಆಮ್ಲಗುಣವುಳ್ಳ ಆ ಹಿಕ್ಕೆಯು ಕಾದ ತಗಡಿನ ಮೇಲೆ ಕೆಲವು ಗಂಟೆಗಳಲ್ಲಿಯೇ ಕಲೆಯನ್ನು ಕೊರೆಯಬಲ್ಲದು. ನಾಲ್ಕನೆಯದು ಬಿಸಿಲು. ಐದನೆಯದು ಕಲ್ಲು: ೨೦೨೩ನೆಯ ಮಾರ್ಚಿ ೧೨ರಂದು ಮದ್ದೂರು ತಾಲ್ಲೂಕಿನ ಗೆಜ್ಜಲಗೆರೆಯಲ್ಲಿ ಉದ್ಘಾಟಿತವಾದ ಬೆಂಗಳೂರು-ಮೈಸೂರು ಹೆದ್ದಾರಿಯಲ್ಲಿ ವೇಗವಾಗಿ ಹೋಗುವಾಗ ಮುಂದಿನ ಗಾಡಿಯ ಚಕ್ರದಿಂದ ಸಿಡಿದ ಸಣ್ಣ ಕಲ್ಲು ಬಾನೆಟ್ಟಿನ ಬಣ್ಣವನ್ನು ಚಕ್ಕೆಯಾಗಿ ಎಬ್ಬಿಸಬಹುದು.

ಮಂಕಾದ ಬಣ್ಣವನ್ನು ಮತ್ತೆ ಬೆಳಗಿಸುವುದು ಹೇಗೆ? ಗೀರನ್ನು 'ತುಂಬಿ' ಮುಚ್ಚುತ್ತಾರೆಂದು ಅನೇಕರು ಭಾವಿಸಿದ್ದಾರೆ; ಇದು ಸರಿಯಲ್ಲ. ಗೀರಿನ ಸುತ್ತಲಿನ ಲೇಪವನ್ನೇ ಅದರ ಆಳದವರೆಗೆ ಸವೆಸಿ ಸಮಮಾಡುವುದೇ ಪಾಲಿಷ್ ಎಂಬುದರ ಅರ್ಥ. ಆದಕಾರಣ ಪ್ರತಿ ಸಲ ಯಂತ್ರದಿಂದ ಉಜ್ಜಿದಾಗಲೂ ಪಾರದರ್ಶಕ ಲೇಪವು ಸ್ವಲ್ಪ ಸ್ವಲ್ಪವಾಗಿ ಕಡಮೆಯಾಗುತ್ತ ಹೋಗುವುದು. ಇದು ಬಡ್ಡಿಯಿಲ್ಲದ ಇಡುಗಂಟಿನಂತೆ: ತೆಗೆದಷ್ಟೂ ಕರಗುವುದೇ ಹೊರತು ಮತ್ತೆ ಬೆಳೆಯುವುದಿಲ್ಲ. ವರ್ಷಕ್ಕೆರಡು ಸಲ ಬಲವಾಗಿ ಪಾಲಿಷ್ ಮಾಡಿಸುವವನು ಹೊಳಪನ್ನು ಕೊಂಡುಕೊಳ್ಳುತ್ತಿಲ್ಲ, ಗಂಟನ್ನು ಖರ್ಚುಮಾಡುತ್ತಿದ್ದಾನೆ. ಲೇಪವು ತೀರಿತೆಂದರೆ ಬಣ್ಣವೇ ಹೊರಬೀಳುತ್ತದೆ; ಆಮೇಲೆ ಹೊಸದಾಗಿ ಬಣ್ಣ ಹೊಡೆಸದೆ ಗತಿಯಿಲ್ಲ.

ಇಲ್ಲಿ ಒಂದು ಸುಲಭ ಪರೀಕ್ಷೆಯುಂಟು. ಗೀರಿನ ಮೇಲೆ ಅಡ್ಡಲಾಗಿ ಉಗುರನ್ನು ಮೆಲ್ಲನೆ ಎಳೆಯಬೇಕು. ಉಗುರು ತಡೆಯದಿದ್ದರೆ ಗೀರು ಮೇಲ್ಪದರದಲ್ಲಿಯೇ ಇದೆ, ಪಾಲಿಷಿನಿಂದ ಹೋದೀತು. ಉಗುರು ಸಿಕ್ಕಿಕೊಂಡರೆ ಗೀರು ಆಳವಾಗಿದೆ. ಅದನ್ನು ಪೂರ್ತಿ ತೆಗೆಯಹೊರಟರೆ ಲೇಪವೇ ಹೋಗುವ ಭಯವುಂಟು. ಬಲ್ಲ ಕೆಲಸಗಾರನು ಉಜ್ಜುವ ಮೊದಲು ದಪ್ಪವನ್ನು ಅಳೆಯುವ ಒಂದು ಸಣ್ಣ ಯಂತ್ರವನ್ನು ತಗಡಿನ ಹಲವು ಕಡೆಗೆ ಇಟ್ಟು ನೋಡುತ್ತಾನೆ. ಹಳೆಯ ಗಾಡಿಯನ್ನು ಕೊಂಡವರಿಗಂತೂ ಇದು ಅತ್ಯಗತ್ಯ. ಒಂದು ಬಾಗಿಲಿನ ಮೇಲೆ ಅಳತೆಯು ಉಳಿದವುಗಳ ಎರಡು ಮೂರು ಪಾಲು ಬಂದರೆ ಅಲ್ಲಿ ಮತ್ತೆ ಬಣ್ಣವನ್ನೋ ಪುಟ್ಟಿಯನ್ನೋ ಹಾಕಿರುವರೆಂದು ತಿಳಿಯಬೇಕು.

ಇನ್ನು ಸೆರಾಮಿಕ್ ಲೇಪದ ವಿಚಾರ. ಹೆಸರನ್ನು ಕೇಳಿ ಪಿಂಗಾಣಿಯನ್ನು ಕರಗಿಸಿ ಬಳಿಯುವರೆಂದು ತಿಳಿಯಬಾರದು. ಇದು ಸಿಲಿಕಾನಿನ ಸಂಯುಕ್ತಗಳುಳ್ಳ ಒಂದು ದ್ರವ. ಸಣ್ಣ ಸೀಸೆಯಲ್ಲಿ ಬರುವ ಈ ದ್ರವವನ್ನು ಸವರಿದಾಗ, ಅದರ ದ್ರಾವಕವು ಆರಿ, ಉಳಿದ ಭಾಗವು ಗಾಳಿಯ ತೇವದೊಡನೆ ಕೂಡಿ ಬಣ್ಣದ ಮೇಲೆ ಗಾಜಿನಂತಹ ಪೊರೆಯಾಗಿ ಗಟ್ಟಿಯಾಗುತ್ತದೆ. ಮರಳಿನಲ್ಲಿರುವ ಸಿಲಿಕವೇ ಈ ಪೊರೆಯ ಮುಖ್ಯಾಂಶವೆಂಬುದು ವಿನೋದವಾಗಿದೆ. ಗಾಡಿಯನ್ನು ಗೀರುವುದೂ ಅದೇ ವಸ್ತು, ಕಾಯುವುದೂ ಅದೇ ವಸ್ತು. ಆದರೆ ಪೊರೆಯ ದಪ್ಪವು ಸಾಮಾನ್ಯವಾಗಿ ಒಂದೆರಡು ಮೈಕ್ರಾನ್ ಮಾತ್ರ.

ಅದು ಮಾಡಬಲ್ಲ ಉಪಕಾರವು ನಿಜವಾದುದೇ. ಕೆಸುವಿನ ಎಲೆಯ ಮೇಲಿನಂತೆ ನೀರು ಗುಂಡಗೆ ನಿಂತು ಉರುಳಿಹೋಗುತ್ತದೆ, ಕೆಸರೂ ಮಸಿಯೂ ಬಿಗಿಯಾಗಿ ಹತ್ತುವುದಿಲ್ಲ, ತೊಳೆಯುವುದು ಸುಲಭವಾಗುತ್ತದೆ. ತೊಳೆಯುವಾಗ ಉಜ್ಜುವುದು ಕಡಮೆಯಾದುದರಿಂದ ಗೀರುಗಳೂ ಕಡಮೆಯಾಗುತ್ತವೆ. ಹಿಕ್ಕೆಯ ಆಮ್ಲವು ಬಣ್ಣವನ್ನು ಮುಟ್ಟಲು ಸ್ವಲ್ಪ ಹೆಚ್ಚು ಹೊತ್ತು ಹಿಡಿಯುತ್ತದೆ. ಬ್ರೆಜಿಲ್ ದೇಶದ ಒಂದು ಜಾತಿಯ ತಾಳೆಯ ಎಲೆಯಿಂದ ಬರುವ ಕಾರ್ನೌಬ ಮೇಣವೂ ಇದೇ ಕೆಲಸವನ್ನು ಮಾಡುತ್ತದೆ. ಆದರೆ ಮೇಣವು ನಮ್ಮ ಬಿಸಿಲಿಗೆ ಕೆಲವು ವಾರಗಳಲ್ಲಿಯೇ ಹೋಗುವುದು. ಒಳ್ಳೆಯ ಸೆರಾಮಿಕ್ ಲೇಪವು ಸರಿಯಾಗಿ ನೋಡಿಕೊಂಡರೆ ವರ್ಷದಿಂದ ಎರಡು ಮೂರು ವರ್ಷಗಳವರೆಗೆ ನಿಲ್ಲಬಹುದು.

ಅದು ಮಾಡಲಾರದ್ದನ್ನೂ ಅಷ್ಟೇ ಸ್ಪಷ್ಟವಾಗಿ ಹೇಳಬೇಕಾಗಿದೆ. ಹೆದ್ದಾರಿಯ ಕಲ್ಲನ್ನು ಅದು ತಡೆಯದು. ಅದಕ್ಕೆ ನೂರೈವತ್ತು ಮೈಕ್ರಾನಿಗೂ ಹೆಚ್ಚು ದಪ್ಪವಿರುವ ಪಾರದರ್ಶಕ ಹಾಳೆಯನ್ನು ಅಂಟಿಸುವ ಬೇರೆ ಪದ್ಧತಿಯುಂಟು. ಒಣಬಟ್ಟೆಯ ಗೀರನ್ನೂ ಅದು ಪೂರ್ಣವಾಗಿ ತಡೆಯದು. ಗಡಸು ನೀರಿನ ಕಲೆ ಬೀಳುವುದಿಲ್ಲವೆಂಬುದೂ ಸುಳ್ಳು. ಗುಂಡಗೆ ನಿಂತ ಹನಿಯು ಉರುಳಿಹೋಗದೆ ಅಲ್ಲಿಯೇ ಆರಿದರೆ ಉಂಗುರವು ಇನ್ನೂ ಎದ್ದುಕಾಣುವುದು. ಸೀಸೆಗಳ ಮೇಲೆ ಕಾಣುವ '೯ ಹೆಚ್' ಎಂಬುದನ್ನು ತೋರಿಸಿ ವಜ್ರಕ್ಕೆ ಸಮೀಪವಾದ ಕಾಠಿಣ್ಯವೆಂದು ಹೇಳುವವರುಂಟು. ಅದು ಪೆನ್ಸಿಲ್ ಪರೀಕ್ಷೆಯ ಅಂಕ: ಚಿತ್ರ ಬರೆಯುವ ಪೆನ್ಸಿಲುಗಳಲ್ಲಿ ಬಹಳ ಗಟ್ಟಿಯಾದುದೊಂದರಿಂದ ಗೀಚಿದರೂ ಗುರುತು ಬೀಳದು ಎಂದಷ್ಟೇ ಅದರ ಅರ್ಥ. ಶಿಲೆಗಳ ಕಾಠಿಣ್ಯವನ್ನು ಅಳೆಯುವ ಮೋಸ್ ಮಾಪಕದಲ್ಲಿ ವಜ್ರವು ೧೦, ಬೆಣಚುಕಲ್ಲು ೭. ಪೆನ್ಸಿಲಿನ ಒಂಬತ್ತಕ್ಕೂ ಆ ಮಾಪಕಕ್ಕೂ ಸಂಬಂಧವೇ ಇಲ್ಲ.

ಲೇಪವನ್ನು ಹಾಕುವ ಕ್ರಮವು ಕಲಾಯಿಯ ಕ್ರಮದಂತೆಯೇ. ಸಿದ್ಧತೆಯೇ ಮುಕ್ಕಾಲು ಪಾಲು ಕೆಲಸ. ಮೊದಲು ನೀರಿನಿಂದ ಧೂಳನ್ನು ಇಳಿಸಿ, ಸೌಮ್ಯವಾದ ಶಾಂಪೂವಿನಿಂದ ತೊಳೆಯುತ್ತಾರೆ. ಬಳಿಕ ಡಾಮರಿನ ಚುಕ್ಕೆಗಳನ್ನೂ ಬ್ರೇಕಿನಿಂದ ಹಾರಿ ಅಂಟಿದ ಕಬ್ಬಿಣದ ಕಣಗಳನ್ನೂ ಬೇರೆ ಬೇರೆ ದ್ರವಗಳಿಂದ ಕರಗಿಸುತ್ತಾರೆ. ಇನ್ನೂ ಉಳಿದ ಒರಟನ್ನು ಜೇಡಿಮಣ್ಣಿನಂತಹ ಮೆದುವಾದ ಮುದ್ದೆಯನ್ನು ಜಾರುವ ದ್ರವದೊಡನೆ ಸವರಿ ಎತ್ತುತ್ತಾರೆ. ಆಮೇಲೆ ಅಗತ್ಯವಿದ್ದಷ್ಟು ಮಾತ್ರ ಪಾಲಿಷ್. ಪಾಲಿಷಿನ ಎಣ್ಣೆಯನ್ನು ಆಲ್ಕೋಹಾಲ್ ಬೆರೆತ ದ್ರವದಿಂದ ಒರೆಸಿ ತೆಗೆದ ಮೇಲೆಯೇ ಲೇಪ. ಧೂಳಿಲ್ಲದ ನೆರಳಿನಲ್ಲಿ, ತಣ್ಣಗಿರುವ ತಗಡಿನ ಮೇಲೆ, ಎರಡಡಿ ಚೌಕದಷ್ಟು ಜಾಗದಲ್ಲಿ ಸವರಿ, ಅದು ಎಣ್ಣೆಯ ಹನಿಯಂತೆ ಬಣ್ಣಬಣ್ಣವಾಗಿ ತೋರಿದಾಗ ಮೆತ್ತನೆಯ ಬಟ್ಟೆಯಿಂದ ಸಮಮಾಡುತ್ತಾರೆ. ತಡಮಾಡಿದರೆ ಅಲ್ಲಲ್ಲಿ ದಪ್ಪನಾದ ಕಪ್ಪುಛಾಯೆ ಉಳಿದು, ಮತ್ತೆ ಉಜ್ಜಿಯೇ ತೆಗೆಯಬೇಕಾಗುವುದು. ಗೀರುಗಳ ಮೇಲೆಯೇ ಲೇಪವನ್ನು ಬಳಿದರೆ ಗೀರುಗಳು ಗಾಜಿನ ಪೆಟ್ಟಿಗೆಯಲ್ಲಿಟ್ಟ ಹಾಗೆ ಒಳಗೇ ಉಳಿಯುತ್ತವೆ. ಹಾಕಿದ ಮೇಲೆ ಒಂದು ದಿನ ನೀರು ಸೋಕಬಾರದು. ಒಂದು ವಾರ ಶಾಂಪೂ ಕೂಡದು. ಆದುದರಿಂದ ಬೆಳಗ್ಗೆ ಕೊಟ್ಟು ಮಧ್ಯಾಹ್ನ ತೆಗೆದುಕೊಂಡು ಹೋಗಿ ಎನ್ನುವವರಲ್ಲಿ ಸಂಶಯಪಡುವುದು ಯುಕ್ತ.

ಲೇಪವಿರಲಿ ಇಲ್ಲದಿರಲಿ, ಗಾಡಿಯನ್ನು ತೊಳೆಯುವ ರೀತಿಯೇ ಮುಖ್ಯವೆಂಬುದನ್ನು ನಾವು ಒತ್ತಿ ಹೇಳುತ್ತೇವೆ. ನೆರಳಿನಲ್ಲಿ ನಿಲ್ಲಿಸಿ, ಮೊದಲು ಬರಿಯ ನೀರಿನಿಂದ ಧೂಳನ್ನು ಇಳಿಸಬೇಕು. ಎರಡು ಬಕೀಟುಗಳಿರಲಿ: ಒಂದರಲ್ಲಿ ಶಾಂಪೂ, ಇನ್ನೊಂದರಲ್ಲಿ ಕೈಬಟ್ಟೆಯ ಮಣ್ಣನ್ನು ಅಲಸುವುದಕ್ಕೆ ಬರಿಯ ನೀರು. ಮಾಡಿನಿಂದ ಕೆಳಮುಖವಾಗಿ ತೊಳೆದು, ಚಕ್ರದ ಬಟ್ಟೆಯನ್ನು ಬೇರೆಯೇ ಇಡಬೇಕು. ಬಟ್ಟೆಯ ಸೋಪಿನ ಪುಡಿಯನ್ನೂ ಪಾತ್ರೆ ತಿಕ್ಕುವ ನಾರನ್ನೂ ಹತ್ತಿರ ತರಬಾರದು. ಮನೆಗೆ ಕಾವೇರಿಯ ನಲ್ಲಿ ನೀರು ಬರುತ್ತಿದ್ದರೆ, ಅಥವಾ ಮಳೆಯ ನೀರನ್ನು ಹಿಡಿದಿಟ್ಟಿದ್ದರೆ, ಕೊನೆಯ ಜಾಲಾಟಕ್ಕಾದರೂ ಅದನ್ನು ಬಳಸಿ. ಕೊಳವೆಬಾವಿಯ ನೀರೇ ಗತಿಯಾದರೆ ಹನಿಗಳು ಆರುವ ಮೊದಲೇ ಮೈಕ್ರೋಫೈಬರ್ ಬಟ್ಟೆಯಿಂದ ಒತ್ತಿ ತೆಗೆಯಿರಿ. ಹಿಕ್ಕೆ ಬಿದ್ದರೆ ಉಜ್ಜದೆ, ಒದ್ದೆಬಟ್ಟೆಯನ್ನು ಸ್ವಲ್ಪ ಹೊತ್ತು ಅದರ ಮೇಲಿಟ್ಟು ನೆನೆಸಿ ಎತ್ತಬೇಕು.

ಹಾಗಾದರೆ ಈ ಲೇಪವನ್ನು ಯಾರು ಹಾಕಿಸಬೇಕು? ಗಾಡಿಯು ಹೊಸದಾಗಿದ್ದು, ಹಗಲೆಲ್ಲ ಬಯಲಿನಲ್ಲಿ ನಿಲ್ಲುವುದಾಗಿದ್ದರೆ, ಇನ್ನೂ ಐದಾರು ವರ್ಷ ಇಟ್ಟುಕೊಳ್ಳುವ ಮನಸ್ಸಿದ್ದರೆ, ಹಾಕಿಸುವುದರಲ್ಲಿ ಅರ್ಥವುಂಟು. ಉಜ್ಜುವ ಅಗತ್ಯ ಹೆಚ್ಚಾಗಿ ಇಲ್ಲದಿರುವುದರಿಂದ ಲೇಪದ ಗಂಟು ಪೂರ್ತಿಯಾಗಿ ಉಳಿಯುವುದು. ಮನೆಯಲ್ಲಿ ಮಾಡಿನ ಕೆಳಗೆ ನಿಲ್ಲುವ, ವಾರಕ್ಕೊಮ್ಮೆ ಹೊರಡುವ ಗಾಡಿಗೆ ಎರಡು ಬಕೀಟುಗಳೂ ಆಗಾಗ್ಗೆ ಒಂದಿಷ್ಟು ಮೇಣವೂ ಸಾಕು. ಮುಂದಿನ ವರ್ಷ ಮಾರಬೇಕೆಂದಿರುವ ಹಳೆಯ ಗಾಡಿಗೆ ಇಷ್ಟು ಖರ್ಚು ಮಾಡುವುದು ವಿವೇಕವಲ್ಲ. ಹಾಕಿಸುವುದೇ ಆದರೆ ಅಂಗಡಿಯಲ್ಲಿ ನಾಲ್ಕು ಪ್ರಶ್ನೆಗಳನ್ನು ಕೇಳಬೇಕು: ಉಜ್ಜುವ ಮೊದಲು ದಪ್ಪವನ್ನು ಅಳೆಯುವಿರಾ? ಎಷ್ಟು ಸಲ ಪಾಲಿಷ್ ಮಾಡುವಿರಿ? ಗಾಡಿಯು ಎಷ್ಟು ದಿನ ನಿಮ್ಮಲ್ಲಿ ಇರಬೇಕು? ಭರವಸೆಯ ಪತ್ರದಲ್ಲಿ ಯಾವುದು ಸೇರಿದೆ, ಯಾವುದು ಸೇರಿಲ್ಲ? ಇವುಗಳಿಗೆ ತಾಳ್ಮೆಯಿಂದ ಉತ್ತರ ಕೊಡುವವನ ಕೈಗೆ ಗಾಡಿಯನ್ನು ಒಪ್ಪಿಸಬಹುದು. ಆ ಉತ್ತರಗಳು ದೊರೆಯುವವರೆಗೆ ಹಣವು ಗೃಹಸ್ಥನ ಕೈಯಲ್ಲಿಯೇ ಇರುವುದು ಕ್ಷೇಮ. ಅಷ್ಟರಲ್ಲಿ ಬಾಗಿಲ ಹಿಂದೆ ನೇತುಹಾಕಿರುವ ಆ ಒಣಬಟ್ಟೆಯನ್ನು ನೆಲ ಒರೆಸುವುದಕ್ಕೆ ಕೊಟ್ಟುಬಿಟ್ಟರೆ, ಗಾಡಿಯ ಬಣ್ಣಕ್ಕೆ ಇಂದಿನಿಂದಲೇ ಕಾಸಿನ ಖರ್ಚಿಲ್ಲದ ರಕ್ಷಣೆ ದೊರೆತಂತಾಗುವುದು.