ಹೂವಿಲ್ಲದೆ ಹೊರಟ ನಾರು

ಸಾಣಾಪುರದ ಕೆರೆ ನೋಡಿಕೊಂಡು ಊರ ಕಡೆ ಬರುವಾಗ ರಸ್ತೆ ಪಕ್ಕದ ಅಂಗಡಿಯೊಂದರ ಮುಂದೆ ನಿಂತೆ. ತೂಗುಹಾಕಿದ್ದ ಟಿ-ಶರ್ಟುಗಳ ಎದೆಯ ಮೇಲೆ ಕಲ್ಲಿನ ರಥ, ಅದರ ಕೆಳಗೆ ದಪ್ಪ ಇಂಗ್ಲಿಷ್ ಅಕ್ಷರಗಳಲ್ಲಿ ಹಂಪಿ. ಪಕ್ಕದ ಸಾಲಿನಲ್ಲಿ ಗೋವಾದ ಅಂಗಡಿಗಳಲ್ಲೂ ಸಿಗುವ ಅದೇ ಆನೆ, ಅದೇ ಓಂಕಾರ. ಫ್ರಿಜ್ಜಿಗೆ ಅಂಟಿಸುವ ಅಯಸ್ಕಾಂತದ ಬಿಲ್ಲೆಯೊಂದನ್ನು ತಿರುವಿ ನೋಡಿದೆ. ಯಾರು ಮಾಡಿದ್ದು, ಎಲ್ಲಿ ಮಾಡಿದ್ದು ಎಂಬ ಗುರುತಿರಲಿಲ್ಲ. ರಸ್ತೆಯಾಚೆ ಬಾಳೆತೋಟ. ಗೊನೆ ಇಳಿಸಿದ ಮೇಲೆ ಕಡಿದು ಕೆಡವಿದ ಬಾಳೆಗಿಡಗಳು ಬದುವಿನ ಮೇಲೆ ಕೊಳೆಯುತ್ತಾ ಬಿದ್ದಿದ್ದವು. ಈ ಬರಹ ಬದುವಿನ ಮೇಲಿದ್ದ ಆ ಕಸದ ಬಗ್ಗೆ.

ಸಾಣಾಪುರ ಇಷ್ಟು ಗದ್ದಲದ ಊರಾಗಿದ್ದು ಈಚೆಗೆ. ಮೊದಲು ಪರದೇಶದವರೆಲ್ಲ ತಂಗುತ್ತಿದ್ದುದು ಹಂಪಿಯ ಎದುರು ದಂಡೆಯ ವಿರೂಪಾಪುರ ಗಡ್ಡಿಯಲ್ಲಿ. 2020ರ ಫೆಬ್ರುವರಿಯಲ್ಲಿ ಸುಪ್ರೀಂ ಕೋರ್ಟ್ ತೀರ್ಪು ಬಂತು, ಮಾರ್ಚ್‌ನಲ್ಲಿ ಅಲ್ಲಿನ ರೆಸಾರ್ಟುಗಳನ್ನು ಕೆಡವಿದರು. ಪ್ರವಾಸಿಗರ ಕಾಲು ಸಾಣಾಪುರ, ಹನುಮನಹಳ್ಳಿ, ಆನೆಗೊಂದಿಗಳತ್ತ ತಿರುಗಿತು. ತುಂಗಭದ್ರಾ ಎಡದಂಡೆ ಕಾಲುವೆಯ ನೀರು ನಿಲ್ಲುವ ಕೆರೆಯಲ್ಲಿ ಹರಗೋಲುಗಳ ಓಡಾಟ ಹೆಚ್ಚಿತು. ಬಂದವರು ಹೋಗುವಾಗ ಏನಾದರೊಂದು ಕೊಂಡೊಯ್ಯಬೇಕಲ್ಲ, ಅದಕ್ಕೆ ಟಿ-ಶರ್ಟುಗಳು ಬಂದವು.

ನಗರದ ಕಲಾಗ್ಯಾಲರಿಗಳಲ್ಲಿ ನೆನಪಿಗೆ ಕೊಂಡೊಯ್ಯುವ ಇಂಥ ಸರಕಿಗೆ ‘ಮರ್ಚಂಡೈಸ್’ ಎಂಬ ಗತ್ತಿನ ಹೆಸರಿದೆ. ಬೆಂಗಳೂರಿನ ಕಸ್ತೂರಬಾ ರಸ್ತೆಯಲ್ಲಿ 2023ರ ಫೆಬ್ರುವರಿಯಲ್ಲಿ ಬಾಗಿಲು ತೆರೆದ ಕಲೆ ಮತ್ತು ಛಾಯಾಚಿತ್ರ ಸಂಗ್ರಹಾಲಯ ‘ಮ್ಯಾಪ್’ನಲ್ಲೂ ಚಿತ್ರ ನೋಡಿ ಹೊರಬರುವವರಿಗೊಂದು ಅಂಗಡಿಯಿದೆ. ಮೂಲಚಿತ್ರ ಕೊಳ್ಳಲಾರದವನೂ ಅದರ ತುಣುಕೊಂದನ್ನು ಕೈಚೀಲದ ಮೇಲೋ ಲೋಟದ ಮೇಲೋ ಮನೆಗೆ ಒಯ್ಯಬಹುದು. ನಮಗೆ ಇದು ಹೊಸದೇನಲ್ಲ. ರಾಜಾ ರವಿವರ್ಮ 1894ರಲ್ಲಿ ಮುಂಬೈಯಲ್ಲಿ ಮುದ್ರಣಾಲಯ ಹಾಕಿದ್ದೇ ಇದಕ್ಕೆ. ಅರಮನೆಯ ಗೋಡೆಯ ಲಕ್ಷ್ಮಿ ಸರಸ್ವತಿಯರು ನಮ್ಮಜ್ಜಿಯರ ದೇವರ ಜಗುಲಿಗೆ ಇಳಿದದ್ದು ಆ ಅಚ್ಚಿನಿಂದ. ಇನ್ನು ಹಂಪಿಯ ಕಲ್ಲಿನ ರಥವನ್ನು ಅತಿ ಹೆಚ್ಚು ಅಚ್ಚು ಹಾಕಿದ್ದು ಯಾವ ಗ್ಯಾಲರಿಯೂ ಅಲ್ಲ, ರಿಸರ್ವ್ ಬ್ಯಾಂಕು. 2017ರಿಂದ ಐವತ್ತರ ನೋಟಿನ ಬೆನ್ನ ಮೇಲೆ ಅದು ಊರೂರು ತಿರುಗುತ್ತಿದೆ. ಟಿ-ಶರ್ಟಿನ ರಥಕ್ಕೆ ನಾವು ಕೊಡುವ ನೋಟಿನಲ್ಲೂ ರಥವೇ!

ಸಾಣಾಪುರದಿಂದ ಹತ್ತು ಕಿಲೋಮೀಟರ್ ಒಳಗೆ ಆನೆಗೊಂದಿ. ದಾರಿಯಲ್ಲಿ ಅಂಜನಾದ್ರಿ ಬೆಟ್ಟ. ಅದರ 575 ಮೆಟ್ಟಿಲು ಹತ್ತುವ ಉಮೇದಿಲ್ಲದವರು ನೇರ ಊರೊಳಗೆ ಬರಬಹುದು. ಇಲ್ಲಿ 1997ರಲ್ಲಿ ಶಮಾ ಪವಾರ್ ಎಂಬ ಕಲಾವಿದೆ ಕಟ್ಟಿದ ‘ಕಿಷ್ಕಿಂಧಾ ಟ್ರಸ್ಟ್’ ಇದೆ. ಹಳೆಯ ಮನೆಗಳನ್ನು ಕೆಡವದೆ ದುರಸ್ತಿ ಮಾಡಿ ಅತಿಥಿಗೃಹ ಮಾಡುವುದು, ಊರಿನ ಕಸ ವಿಂಗಡಿಸುವುದು, ಮಕ್ಕಳಿಗೆ ಆಟ-ನಾಟಕ ಕಲಿಸುವುದು ಹೀಗೆ ಟ್ರಸ್ಟಿನ ಕೆಲಸ ಹತ್ತಾರು. ನನ್ನನ್ನು ಎಳೆದು ತಂದದ್ದು ಅಲ್ಲಿನ ಬಾಳೆನಾರಿನ ಕೆಲಸ.

ಬಾಳೆ ಒಮ್ಮೆ ಮಾತ್ರ ಗೊನೆ ಹಾಕುವ ಗಿಡ. ಗೊನೆ ಇಳಿಸಿದರೆ ಅದರ ಆಯುಸ್ಸು ಮುಗಿಯಿತು. ಮುಂದಿನದನ್ನು ಬುಡದ ಮರಿ ನೋಡಿಕೊಳ್ಳುತ್ತದೆ. ನಾವು ಕಾಂಡ ಎನ್ನುವುದು ನಿಜಕ್ಕೂ ಕಾಂಡವಲ್ಲ, ಒಂದರೊಳಗೊಂದು ಸುತ್ತಿಕೊಂಡ ಎಲೆಬುಡದ ಪಟ್ಟೆಗಳು. ತೀರಾ ಒಳಗಿನ ಬೆಳ್ಳನೆ ದಿಂಡು ಪಲ್ಯಕ್ಕಾಗುತ್ತದೆ. ಹೊರಗಿನ ಪಟ್ಟೆ ಹೂವಾಡಗಿತ್ತಿಗೆ ಒಂದೆರಡು ಎಳೆ ನಾರು ಕೊಟ್ಟರೆ ದೊಡ್ಡದು, ಉಳಿದದ್ದೆಲ್ಲ ತಿಪ್ಪೆಗೆ. ಹೂವಿನಿಂದ ನಾರೂ ಸ್ವರ್ಗಕ್ಕೆ ಹೋಯಿತು ಅನ್ನುತ್ತೇವೆ. ನಾರಿಗೆ ತನ್ನದೇ ಆದ ಬೆಲೆ ಇದ್ದೀತು ಎಂದು ಆ ಗಾದೆ ಕಟ್ಟಿದವರಿಗೆ ಹೊಳೆದಂತಿಲ್ಲ.

ಕೆಲಸ ಶುರುವಾಗುವುದು ಪಟ್ಟೆ ಬಿಡಿಸಿ ಬಿಸಿಲಿಗೆ ಹಾಕುವಲ್ಲಿಂದ. ನೀರು ತುಂಬಿದ ಪಟ್ಟೆ ಒಣಗುತ್ತಾ ತೆಳ್ಳಗಾಗಿ, ಕಾಗದದ ಹಾಗೆ ಸರಸರ ಸದ್ದು ಮಾಡತೊಡಗುತ್ತದೆ. ಬಣ್ಣ ಹಾಕುವುದು ಬೇಕಿಲ್ಲ. ಮೇಲಿನ ಪಟ್ಟೆ ಹುಣಸೆಹಣ್ಣಿನ ಕಂದು, ಒಳಗೊಳಗೆ ಹೋದಂತೆ ಹುಲ್ಲಿನ ಬಣ್ಣ, ಇನ್ನೂ ಒಳಗೆ ಕೆನೆ. ಒಂದೇ ಗಿಡದ ಒಳಗೆ ಇಡೀ ಬಣ್ಣದ ಪೆಟ್ಟಿಗೆ. ಒಣಗಿದ್ದನ್ನು ಉದ್ದಕ್ಕೆ ಸೀಳಿ, ಚೂರು ನೀರು ತಾಗಿಸಿ, ಹಗ್ಗ ಹೊಸೆದಂತೆ ಹೊಸೆಯುತ್ತಾರೆ. ನೀರು ಕಡಿಮೆಯಾದರೆ ಎಳೆ ಪಟ್ಟನೆ ಮುರಿಯುತ್ತದೆ, ಹೆಚ್ಚಾದರೆ ಬೂಸ್ಟು ಹಿಡಿಯುತ್ತದೆ. ಇದರ ಹದ ಬೆರಳಿಗೆ ಗೊತ್ತಿರಬೇಕು. ಒಂದು ಎಳೆ ಮುಗಿಯುವ ಮೊದಲು ಇನ್ನೊಂದನ್ನು ಸೇರಿಸಿ ಹೊಸೆದರೆ ಹುರಿಗೆ ಕೊನೆಯೇ ಇಲ್ಲ. ಆ ಹುರಿಯನ್ನು ಕ್ರೋಶಾ ಸೂಜಿಯಲ್ಲಿ ಹೆಣೆದರೆ ಟೊಪ್ಪಿಗೆ, ಕೈಚೀಲ. ಸುತ್ತಿ ಹೊಲಿದರೆ ಬಟ್ಟಲಡಿ ಇಡುವ ಬಿಲ್ಲೆ, ಬುಟ್ಟಿ, ಚಾಪೆ. ಮಾಡುವವರು ಹೆಚ್ಚಾಗಿ ಊರಿನ ಹೆಣ್ಣುಮಕ್ಕಳು. ಗದ್ದೆಯಲ್ಲಿ ನಾಟಿ, ಕೊಯ್ಲು ಇದ್ದಾಗ ಅತ್ತ, ಇಲ್ಲದಾಗ ಇತ್ತ. ಬಿಸಿಲಿನ ಸೀಮೆ ಎಂದು ನಾವು ಗೊಣಗುವ ಈ ಗಂಗಾವತಿ ಕಡೆಯ ಬಿಸಿಲೇ ಈ ಕಸುಬಿನ ಬಂಡವಾಳ.

ಇದರಲ್ಲಿ ಕಲಾವಿದೆಯ ಪಾತ್ರವೇನು? ಹೊಸೆಯುವ ಬೆರಳು ಊರಲ್ಲಿ ಮೊದಲೇ ಇತ್ತು. ಹಗ್ಗ ಹೊಸೆಯದ ಒಕ್ಕಲುಮನೆ ಯಾವುದು? ಇಲ್ಲದಿದ್ದದ್ದು ಆ ಹುರಿ ಏನಾಗಬೇಕು ಎಂದು ನೋಡುವ ಕಣ್ಣು. ಚೀಲದ ಅಗಲ ಎಷ್ಟು, ಹಿಡಿ ಎಲ್ಲಿ ಕೂಡಬೇಕು, ಕಂದು ಕೆನೆಗಳ ಪಟ್ಟಿ ಹೇಗೆ ಬರಬೇಕು, ಯಾವುದನ್ನು ಏನೂ ಮಾಡದೆ ಹಾಗೇ ಬಿಡಬೇಕು. ಕೊನೆಯದೇ ಎಲ್ಲಕ್ಕಿಂತ ಕಷ್ಟದ್ದು ಎಂದು ನನ್ನೆಣಿಕೆ. ಆನೆಗೊಂದಿಯ ಚೀಲದ ಮೇಲೆ ರಥವಿಲ್ಲ, ಹನುಮಂತನಿಲ್ಲ, ಊರಿನ ಹೆಸರೂ ಎದ್ದು ಕಾಣುವಂತಿಲ್ಲ. ಆದರೂ ಅದು ಈ ಊರಿನದೇ, ಯಾಕೆಂದರೆ ಈ ಊರಿನ ತೋಟದಿಂದ ಬಂದದ್ದು. ಟಿ-ಶರ್ಟಿಗೆ ಆ ಮಾತು ಹೇಳಲಾಗದು.

ಚೌಕಾಸಿಯ ವಿಷಯ ಹೇಳದಿದ್ದರೆ ತಪ್ಪಾದೀತು. “ಬರೇ ಬಾಳಿ ಪಟ್ಟಿ ಐತಿ, ಇಷ್ಟ್ಯಾಕ್ರೀ?” ಎಂದು ಕೇಳುವ ನಾಲಿಗೆ ನಮ್ಮದೂ ಹೌದು, ನನ್ನದೂ ಹೌದು. ಕಚ್ಚಾ ಮಾಲು ಪುಕ್ಕಟೆ ನಿಜ. ಬೆಲೆಯೆಲ್ಲ ಹೊತ್ತಿನದು. ಯಂತ್ರ ಒಂದು ಗಳಿಗೆಯಲ್ಲಿ ಅಚ್ಚು ಒತ್ತುವ ರಥಕ್ಕೆ ಮರುಮಾತಿಲ್ಲದೆ ದುಡ್ಡು ಕೊಡುವವರು, ಮೊದಲ ಎಳೆ ಹೊಸೆದಲ್ಲಿಂದ ಹಿಡಿದು ಕೈಯಲ್ಲೇ ಆದ ಚೀಲದೆದುರು ಲೆಕ್ಕಕ್ಕೆ ಕೂರುತ್ತಾರೆ.

ಇದೇ ಕೊಪ್ಪಳ ಜಿಲ್ಲೆಯಲ್ಲಿ ಇದರ ತದ್ವಿರುದ್ಧ ಕಥೆಯೂ ಇದೆ. ಕೊಪ್ಪಳದ ಹತ್ತಿರದ ಕಿನ್ನಾಳದಲ್ಲಿ ಕಲೆ ನೂರಾರು ವರ್ಷ ಹಳೆಯದು, ಅಂಗಡಿ ಸರಕಾದದ್ದು ಆಮೇಲೆ. ಅಲ್ಲಿನ ಚಿತ್ರಗಾರರು ಊರದೇವತೆಯ ಮರದ ಮೂರ್ತಿ, ಪಲ್ಲಕ್ಕಿ, ಹೋಳಿ ಹಬ್ಬಕ್ಕೆ ಕಾಮ-ರತಿ ಮಾಡಿಕೊಂಡು ಬಂದವರು. ಹಗುರ ಮರವನ್ನು ಕೆತ್ತಿ, ಕೀಲುಗಳಿಗೆ ಗೋಣಿನಾರು ಮತ್ತು ಹುಣಸೆಬೀಜದ ಅಂಟು ಸೇರಿಸಿ ಅರೆದ ಕಿಟ್ಟ ಮೆತ್ತಿ, ಮೇಲೆ ಬಟ್ಟೆ ಅಂಟಿಸಿ, ಬೆಣಚುಕಲ್ಲಿನ ಪುಡಿಯ ಲೇಪ ಕೊಟ್ಟು, ಆಮೇಲೆ ಬಣ್ಣ. ಮೂರ್ತಿಯ ಕೊರಳ ಒಡವೆ ಉಬ್ಬಿ ಕಾಣುವುದು ಆ ಕಲ್ಲುಪುಡಿಯ ಅಂಟಿನಿಂದಲೇ. ಹಂಪಿಯ ವಿರೂಪಾಕ್ಷ ಗುಡಿಯ ರಂಗಮಂಟಪದ ಚಾವಣಿಯಲ್ಲಿ ವಿದ್ಯಾರಣ್ಯರು ಪಲ್ಲಕ್ಕಿಯಲ್ಲಿ ಹೊರಟ ಚಿತ್ರವಿದೆಯಲ್ಲ, ಆ ಚಾವಣಿ ಇವರ ಹಿರಿಯರ ಕೈಯದು ಎಂಬ ಪ್ರತೀತಿ ಇದೆ. ಚಾವಣಿ ಚಿತ್ರಗಳ ಕಾಲದ ಬಗ್ಗೆ ಪಂಡಿತರಲ್ಲಿ ಒಮ್ಮತವಿಲ್ಲ. ಇರಲಿ, ಬಣ್ಣದ ಆ ಢಾಳುತನ ನೋಡಿದರೆ ಪ್ರತೀತಿಯನ್ನು ನಂಬಲು ನನಗೇನೂ ಅಡ್ಡಿಯಿಲ್ಲ.

ಆಳೆತ್ತರದ ಗರುಡನನ್ನು ಮಾಡುತ್ತಿದ್ದ ಕೈ ಈಗ ಮೇಜಿನ ಮೇಲಿಡುವ ಗರುಡನನ್ನೂ ಹಣ್ಣು-ತರಕಾರಿ, ಹಕ್ಕಿಗಳನ್ನೂ ಮಾಡುತ್ತದೆ. ಇದು ಕಲೆಯ ಇಳಿತ ಎನ್ನುವವರಿದ್ದಾರೆ. ನಾನು ಒಪ್ಪುವುದಿಲ್ಲ. ಹೊಸ ದೇವತೆಯನ್ನು ಊರು ವರ್ಷವರ್ಷ ಮಾಡಿಸುವುದಿಲ್ಲ, ಚಿತ್ರಗಾರನ ಮನೆಯ ಒಲೆ ಮಾತ್ರ ದಿನಾ ಉರಿಯಬೇಕು. ಕಿನ್ನಾಳದ ಗೊಂಬೆಗೆ ಭೌಗೋಳಿಕ ಸೂಚಿಕೆಯ ರಕ್ಷಣೆ ಇರುವುದರಿಂದ ಬೇರೆಡೆ ಮಾಡಿದ್ದಕ್ಕೆ ಆ ಹೆಸರು ಹಚ್ಚುವಂತಿಲ್ಲ. ತಮಾಷೆ ಎಂದರೆ ಇದೇ ಜಿಲ್ಲೆಯ ಭಾನಾಪುರದಲ್ಲಿ 400 ಎಕರೆಯ ಆಟಿಕೆ ಕ್ಲಸ್ಟರಿಗೆ 2021ರ ಜನವರಿಯಲ್ಲಿ ಅಡಿಗಲ್ಲು ಬಿತ್ತು. ಮಣಿ ಜೋಡಿಸುವಂತೆ ಸಾಲಿನಲ್ಲಿ ಆಟಿಕೆ ತಯಾರಾಗುವ ಕಾರ್ಖಾನೆ ಒಂದು ಕಡೆ, ಒಂದು ಗೊಂಬೆಯ ಲೇಪ ಒಣಗಲು ಕಾಯುತ್ತಾ ಕೂತ ಚಿತ್ರಗಾರ ಇನ್ನೊಂದು ಕಡೆ.

ಸಾಣಾಪುರದ ಅಂಗಡಿಯವರನ್ನು ದೂರಿ ಫಲವಿಲ್ಲ. ಗಿರಾಕಿ ಕೇಳಿದ್ದನ್ನು ಅವರು ತೂಗುಹಾಕಿದ್ದಾರೆ. ಕಿನ್ನಾಳದ ಗೊಂಬೆಗಳ ಸಾಲೊಂದು, ಆನೆಗೊಂದಿಯ ಬುಟ್ಟಿಗಳ ಸಾಲೊಂದು ಅದೇ ಅಂಗಡಿಯಲ್ಲಿ ಯಾಕೆ ಇರಬಾರದು ಎಂಬುದಷ್ಟೇ ನನ್ನ ತಕರಾರು. 1520ರ ಸುಮಾರಿಗೆ ಬಂದ ಪೋರ್ಚುಗೀಸ್ ಯಾತ್ರಿಕ ಡೊಮಿಂಗೊ ಪಾಯೆಸ್ ಇಲ್ಲಿನ ಬುಟ್ಟಿಯಂಥ ದುಂಡು ದೋಣಿಯನ್ನು ಕಂಡು, ಬೆತ್ತದಿಂದ ಹೆಣೆದು ಹೊರಗೆ ತೊಗಲು ಹೊದಿಸಿದ್ದು ಎಂದು ಬರೆದುಕೊಂಡ. ಅವನು ಬರಹದಲ್ಲಿ ಹೊತ್ತೊಯ್ದದ್ದರಲ್ಲಿ ಹೆಣಿಗೆಯೂ ಒಂದು.

ನಾನು ಕಂದು ಪಟ್ಟಿಯ ಚೀಲವೊಂದನ್ನು ಕೊಂಡೆ. ಮಳೆಗಾಲದಲ್ಲಿ ಆಗಾಗ ಬಿಸಿಲು ತೋರಿಸಬೇಕು, ಅಷ್ಟೇ ಅದರ ಆರೈಕೆ. ಗಂಗಾವತಿ ಬಸ್‌ ನಿಲ್ದಾಣದ ಹತ್ತಿರ ಮನೆಯವರಿಗೆಂದು ಎರಡು ಮೊಳ ಮಲ್ಲಿಗೆ ತೆಗೆದುಕೊಂಡು ಅದರೊಳಗೇ ಇಟ್ಟೆ. ಆಮೇಲೆ ನೋಡಿದರೆ, ಹೂ ಕಟ್ಟಿದ್ದು ನೂಲಿನಲ್ಲಿ.